ಸುಮಾರು, ಸರಾಸರಿ, ಅಂದಾಜು: ನಮ್ಮ ನಾಡಿನಲ್ಲಿ ಎಣಿಕೆಯ ಶಾಸ್ತ್ರ ಬೆಳೆದ ಬಗೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮರುವಾರ ಪ್ರತಿ ಮನೆಯಲ್ಲೂ ಒಂದೇ ಚರ್ಚೆ. ಪಿ.ಯು.ಸಿ.ಗೆ ಯಾವ ವಿಷಯ ತೆಗೆದುಕೊಳ್ಳುವುದು? ವಾಣಿಜ್ಯ ವಿಭಾಗಕ್ಕೆ ಹೋಗುವ ಮಕ್ಕಳ ಮುಂದೆ ಎಸ್.ಇ.ಬಿ.ಎ. ಎಂಬ ಆಯ್ಕೆ ಇಟ್ಟರೆ ಬಹಳಷ್ಟು ಮಂದಿ ಮೊದಲನೆಯ ಅಕ್ಷರ ಕೇಳಿಯೇ ಹಿಂದೆ ಸರಿಯುತ್ತಾರೆ. "ಸ್ಟ್ಯಾಟಿಸ್ಟಿಕ್ಸ್ ನಮಗಲ್ಲ ಸಾರ್, ಅದೆಲ್ಲ ಬಹಳ ಕಷ್ಟದ ಲೆಕ್ಕ" ಎನ್ನುತ್ತಾರೆ. ತಂದೆ ತಾಯಿಯರೂ ಹೂಂಗುಟ್ಟುತ್ತಾರೆ. ಎಲ್ಲೋ ಪರದೇಶದಿಂದ ಬಂದ, ನಮಗೂ ನಮ್ಮ ಮನೆಮಾತಿಗೂ ಸಂಬಂಧವಿಲ್ಲದ ಶಾಸ್ತ್ರ ಅದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ನಿಜ ಹೇಳಬೇಕೆಂದರೆ ಸಂಖ್ಯಾಶಾಸ್ತ್ರದ ಮೊದಲ ಪಾಠದ ಅರ್ಧಭಾಗ ಪದಗಳು ನಮ್ಮ ಅಡುಗೆಮನೆ, ಅಂಗಡಿ, ತಾಲ್ಲೂಕು ಕಚೇರಿಗಳಲ್ಲಿ ಶತಮಾನಗಳಿಂದ ಓಡಾಡುತ್ತಿವೆ. ಆ ಪದಗಳ ಜೊತೆಗೇ ಈ ನಾಡಿನ ಎಣಿಕೆಯ ಚರಿತ್ರೆಯನ್ನೂ ತಿಳಿದುಕೊಂಡರೆ ಶಾಸ್ತ್ರದ ಭಯ ಅರ್ಧ ಕಡಿಮೆಯಾಗುತ್ತದೆ. ಜೊತೆಗೆ ಇನ್ನೊಂದು ಮಾತೂ ಮನದಟ್ಟಾಗುತ್ತದೆ. ಸಂಖ್ಯೆಯನ್ನು ಓದಲು ಬಾರದ ಸಮುದಾಯದ ಬಗ್ಗೆ ಬೇರೆಯವರು ಹೇಳಿದ್ದೇ ಲೆಕ್ಕವಾಗಿಬಿಡುತ್ತದೆ.

ಪದಗಳು ಬಂದ ದಾರಿ

"ಮದುವೆಗೆ ಸುಮಾರು ಐನೂರು ಜನ ಬಂದಿದ್ದರು" ಎಂದು ಕನ್ನಡದಲ್ಲಿ ಹೇಳುತ್ತೇವೆ. ಈ 'ಸುಮಾರು' ಪಾರಸಿಯ 'ಶುಮಾರ್' ಎಂಬ ಪದ. ಮೂಲದಲ್ಲಿ ಅದರ ಅರ್ಥ ಎಣಿಕೆ. ಉರ್ದುವಿನಲ್ಲಿ ಜನಗಣತಿಗೆ 'ಮರ್ದುಮ್ ಶುಮಾರಿ' ಎನ್ನುವುದೂ, ಸಂಖ್ಯಾಶಾಸ್ತ್ರಕ್ಕೆ 'ಶುಮಾರಿಯಾತ್' ಎನ್ನುವುದೂ ಇದರಿಂದಲೇ. ಹಳೆಯ ಮೈಸೂರಿನ ಸರ್ಕಾರಿ ಕನ್ನಡದಲ್ಲಿ ಜನಗಣತಿಗೆ 'ಖಾನೇಸುಮಾರಿ' ಎಂಬ ಹೆಸರಿತ್ತು. ಖಾನಾ ಎಂದರೆ ಮನೆ, ಶುಮಾರಿ ಎಂದರೆ ಎಣಿಸುವುದು. ಮನೆಮನೆಗೆ ಹೋಗಿ ಎಣಿಸುವ ಕೆಲಸ ಎಂದೇ ಅದರ ಅರ್ಥ.

'ಸರಾಸರಿ'ಯ ಕಥೆಯೂ ಹೀಗೆಯೇ. ಪಾರಸಿಯಲ್ಲಿ 'ಸರ್' ಎಂದರೆ ತಲೆ ಅಥವಾ ತುದಿ. 'ಸರಾಸರ್' ಎಂದರೆ ಈ ತುದಿಯಿಂದ ಆ ತುದಿಯವರೆಗೆ, ಒಟ್ಟಾರೆಯಾಗಿ. ಎಲ್ಲವನ್ನೂ ಒಟ್ಟುಗೂಡಿಸಿ ಸಮನಾಗಿ ಹಂಚಿದರೆ ತಲೆಗೆಷ್ಟು ಬರುತ್ತದೆ ಎಂಬ ಲೆಕ್ಕಕ್ಕೆ ಕನ್ನಡ ಈ ಪದವನ್ನೇ ತೆಗೆದುಕೊಂಡಿತು. ಇಂದಿನ ಉರ್ದು ಅದಕ್ಕೆ 'ಅವ್ಸತ್' ಎಂಬ ಅರಬ್ಬಿ ಪದವನ್ನು ಬಳಸುತ್ತದೆ. ಪಾರಸಿಯ ಪದ ಉಳಿದದ್ದು ಕನ್ನಡದ ಶಾಲಾ ಪುಸ್ತಕದಲ್ಲಿ! 'ಅಂದಾಜು' ಪಾರಸಿಯ 'ಅಂದಾಜ಼ಾ'. 'ನಮೂನೆ' ಪಾರಸಿಯ 'ನಮೂನಾ'. ಅಂಕಿಗಳನ್ನು ಸಾಲು ಕಂಬಗಳಲ್ಲಿ ಬರೆದ ಪಟ್ಟಿಗೆ ನಮ್ಮ ಕಚೇರಿಗಳಲ್ಲಿ ಬಳಸುವ 'ತಖ್ತೆ'ಯೂ ಅಲ್ಲಿಯದೇ.

ಬಿಜಾಪುರದ ಸುಲ್ತಾನರ ಕಾಲ, 1687ರ ನಂತರ ಮೊಗಲರ ಪ್ರಾಂತ್ಯವಾಗಿದ್ದ ಸಿರಾ, ಆಮೇಲೆ ಹೈದರ್ ಮತ್ತು ಟಿಪ್ಪು, ಹೀಗೆ ಒಂದರ ಹಿಂದೊಂದು ಆಡಳಿತದಲ್ಲಿ ಕಂದಾಯದ ಲೆಕ್ಕ ಬರೆಯುತ್ತಿದ್ದವರ ಮೂಲಕ, ಕೆಲವೊಮ್ಮೆ ಮರಾಠಿಯ ಬಾಯಿಂದ, ಈ ಪದಗಳು ಕನ್ನಡಕ್ಕೆ ಬಂದವು. ಶ್ಯಾನುಭೋಗರ ಕಡತದಲ್ಲಿ ಕನ್ನಡದ 'ಎಣಿಕೆ', ಸಂಸ್ಕೃತದ 'ಗಣತಿ', ಪಾರಸಿಯ 'ಸುಮಾರು' ಒಟ್ಟಿಗೆ ಕುಳಿತವು. 'ಸ್ಟ್ಯಾಟಿಸ್ಟಿಕ್ಸ್' ಎಂಬ ಹೆಸರು ಮಾತ್ರ ಯುರೋಪಿನದು. 18ನೆಯ ಶತಮಾನದ ಜರ್ಮನಿಯಲ್ಲಿ ರಾಜ್ಯದ ಸ್ಥಿತಿಗತಿಯ ವಿವರಣೆಗೆ ಆ ಹೆಸರು ರೂಢಿಯಾಯಿತು.

ಒಂದು ಸೂಕ್ಷ್ಮ ಗಮನಿಸಿ. ಪಾರಸಿಯಲ್ಲಿ ಖಚಿತ ಎಣಿಕೆ ಎಂಬ ಅರ್ಥವಿದ್ದ ಪದ ಕನ್ನಡಕ್ಕೆ ಬರುವಷ್ಟರಲ್ಲಿ 'ಹೆಚ್ಚು ಕಡಿಮೆ' ಎಂಬ ಅರ್ಥ ಪಡೆಯಿತು. ಎಣಿಸುವ ಕೆಲಸ ಮಾಡಿದವರಿಗೆಲ್ಲ ಈ ಬದಲಾವಣೆಯ ಕಾರಣ ಗೊತ್ತು. ದೊಡ್ಡ ಎಣಿಕೆ ಯಾವುದೂ ಪೂರ್ತಿ ಖಚಿತವಲ್ಲ. ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಹೇಳಲು ಕಲಿತದ್ದೇ ಸಂಖ್ಯಾಶಾಸ್ತ್ರದ ಚರಿತ್ರೆ.

1871 ಮತ್ತು 1881: ಎರಡು ಅಂಕಿಗಳ ನಡುವಿನ ಬರ

ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾದ ಮೊದಲ ಜನಗಣತಿ ನಡೆದದ್ದು 1871ರ ನವೆಂಬರ್‌ನಲ್ಲಿ. ಆಗ ಸಿಕ್ಕ ಒಟ್ಟು ಜನಸಂಖ್ಯೆ 50,55,412. ಮುಂದಿನ ಗಣತಿ 1881ರ ಫೆಬ್ರವರಿಯಲ್ಲಿ ನಡೆಯಿತು. ಆಗ ಸಿಕ್ಕದ್ದು 41,86,188. ಹತ್ತು ವರ್ಷದೊಳಗೆ 8,69,224 ಮಂದಿ ಕಡಿಮೆ. ಎಂದರೆ ನೂರಕ್ಕೆ ಸುಮಾರು 17. ನಡುವೆ ನಡೆದದ್ದು 1876ರಿಂದ 78ರವರೆಗಿನ ಭೀಕರ ಕ್ಷಾಮ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಹಳಬರು ಅದನ್ನು ಧಾತು ಈಶ್ವರ ಬರ ಎಂದೇ ಕರೆದರು.

ಹಾಗಾದರೆ ಬರದಲ್ಲಿ ಸತ್ತವರು 8,69,224 ಮಂದಿಯೇ? ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಎರಡು ಗಣತಿಗಳ ನಡುವಿನ ವ್ಯತ್ಯಾಸದಲ್ಲಿ ಹಲವು ಸಂಗತಿಗಳು ಬೆರೆತಿರುತ್ತವೆ. ಸತ್ತವರು, ಹುಟ್ಟಿದವರು, ಹಸಿವಿನ ಕಾರಣ ಹುಟ್ಟದೇ ಹೋದವರು, ಊರು ಬಿಟ್ಟವರು, ಜೊತೆಗೆ ಎಣಿಕೆಯಲ್ಲೇ ತಪ್ಪಿಹೋದವರು. ಬರ ಬರದೇ ಇದ್ದಿದ್ದರೆ ಜನಸಂಖ್ಯೆ ಬೆಳೆಯುತ್ತಲೂ ಇತ್ತು. ಉದಾಹರಣೆಗೆ ವರ್ಷಕ್ಕೆ ನೂರಕ್ಕೆ ಅರ್ಧದಂತೆ ಬೆಳೆದಿದ್ದರೆ 1881ರ ಹೊತ್ತಿಗೆ ಸುಮಾರು 53 ಲಕ್ಷ ಆಗಬೇಕಿತ್ತು. ಆಗ ಕೊರತೆ 11 ಲಕ್ಷ. ನೂರಕ್ಕೆ ಒಂದರಂತೆ ಬೆಳೆದಿದ್ದರೆ 55 ಲಕ್ಷ ದಾಟಬೇಕಿತ್ತು. ಆಗ ಕೊರತೆ 13 ಲಕ್ಷಕ್ಕೂ ಹೆಚ್ಚು. ಎಣಿಸಿದ ಅಂಕಿ ಅದೇ, ಆದರೆ ನಾವು ಇಟ್ಟುಕೊಂಡ ಗ್ರಹಿಕೆ ಬದಲಾದಂತೆ ಅಂದಾಜು ಬದಲಾಯಿತು. ಆದ್ದರಿಂದ ಅಂದಾಜು ಹೇಳುವವರು ತಮ್ಮ ಗ್ರಹಿಕೆಯನ್ನೂ ಹೇಳಬೇಕು. ಇದು ಸಂಖ್ಯಾಶಾಸ್ತ್ರದ ಮೊದಲ ಪ್ರಾಮಾಣಿಕತೆ.

1891ರ ಗಣತಿಯಲ್ಲೂ ಮೈಸೂರಿನ ಜನಸಂಖ್ಯೆ 49,43,604. ಇಪ್ಪತ್ತು ವರ್ಷ ಕಳೆದರೂ ನಾಡು ತಾನು ಕಳೆದುಕೊಂಡದ್ದನ್ನು ತುಂಬಿಕೊಂಡಿರಲಿಲ್ಲ. 1901ರಲ್ಲಿ 55,39,399 ಆದಾಗಲೇ 1871ರ ಮಟ್ಟವನ್ನು ದಾಟಿದ್ದು. ನಾಲ್ಕು ಅಂಕಿಗಳು ಒಂದು ತಲೆಮಾರಿನ ಸಂಕಟವನ್ನು ಹೇಳುತ್ತವೆ.

ಕಥೆಗಾರರು ಮಾಡಿಸಿದ ಗಣತಿ

1931ರಲ್ಲಿ ಮೈಸೂರು ಸಂಸ್ಥಾನದ ಜನಗಣತಿಯ ಹೊಣೆ ಹೊತ್ತು ಅದರ ವರದಿ ಬರೆದವರು ಎಂ. ವೆಂಕಟೇಶ ಅಯ್ಯಂಗಾರ್. ಹೌದು, ಕನ್ನಡದ ಸಣ್ಣಕಥೆಯ ಹಿರಿಯರಾದ ಮಾಸ್ತಿಯವರೇ. ಮುಂದೆ 1983ರಲ್ಲಿ ಜ್ಞಾನಪೀಠ ಪ್ರಶಸ್ತಿ ಪಡೆದವರು. ಆ ಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 65 ಲಕ್ಷ 57 ಸಾವಿರ. ಒಬ್ಬೊಬ್ಬರ ಕಥೆ ಬರೆದವರೇ ಅರವತ್ತೈದು ಲಕ್ಷ ಮಂದಿಯ ಲೆಕ್ಕವನ್ನೂ ಬರೆದರು ಎಂಬುದು ನಮ್ಮ ಭಾಷೆಯ ಭಾಗ್ಯ. ಸಾಹಿತ್ಯ ಬೇರೆ, ಲೆಕ್ಕ ಬೇರೆ ಎನ್ನುವವರು ಇದನ್ನು ನೆನಪಿಡಲಿ.

ಆ ಕಾಲದ ಗಣತಿಗಳಲ್ಲಿ ಅಧಿಕಾರಿಗಳಿಗೆ ದೊಡ್ಡ ತಲೆನೋವು ವಯಸ್ಸು. ಹುಟ್ಟಿದ ದಿನಾಂಕ ಗೊತ್ತಿಲ್ಲದವರೇ ಹೆಚ್ಚು. ವಯಸ್ಸೆಷ್ಟು ಎಂದರೆ "ನಲವತ್ತು ಇರಬಹುದು, ಬರೆದುಕೊಳ್ಳಿ" ಎನ್ನುತ್ತಿದ್ದರು. ಹೀಗಾಗಿ 30, 40, 50 ವಯಸ್ಸಿನವರ ಸಂಖ್ಯೆ ಗುಡ್ಡೆಯಂತೆ ಎದ್ದು ಕಾಣುತ್ತಿತ್ತು. 39 ಮತ್ತು 41ರವರು ಇಲ್ಲವೇ ಇಲ್ಲವೇನೋ ಎಂಬಂತೆ ಇತ್ತು. ಒಂದು ಬೆಲೆ ಎಷ್ಟು ಸಲ ಬಂದಿದೆ ಎಂಬುದಕ್ಕೆ ಶಾಸ್ತ್ರದಲ್ಲಿ 'ಆವೃತ್ತಿ' ಎಂದು ಹೆಸರು. ಆವೃತ್ತಿಗಳನ್ನು ತಖ್ತೆಯಲ್ಲಿ ಬರೆದು ನೋಡಿದಾಗಲೇ ದತ್ತಾಂಶದ ಒಳಗಿನ ತಪ್ಪು ಕಣ್ಣಿಗೆ ಬೀಳುತ್ತದೆ.

ಈ ಆವೃತ್ತಿಯ ಉಪಾಯ ಬಹಳ ಹಳೆಯದು. 9ನೆಯ ಶತಮಾನದ ಬಾಗ್ದಾದ್‌ನಲ್ಲಿದ್ದ ವಿದ್ವಾಂಸ ಅಲ್-ಕಿಂದಿ ಗುಪ್ತಲಿಪಿಯ ಪತ್ರಗಳನ್ನು ಓದುವ ಬಗೆಯನ್ನು ವಿವರಿಸಿ ಒಂದು ಗ್ರಂಥ ಬರೆದರು. ಮೊದಲು ಅದೇ ಭಾಷೆಯ ಸಾಮಾನ್ಯ ಬರಹವೊಂದನ್ನು ತೆಗೆದುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ. ನಂತರ ಗುಪ್ತಪತ್ರದಲ್ಲಿ ಯಾವ ಚಿಹ್ನೆ ಎಷ್ಟು ಸಲ ಬಂದಿದೆಯೆಂದು ಎಣಿಸಿ. ಎರಡನ್ನೂ ತಾಳೆ ನೋಡಿ. ಹೆಚ್ಚು ಸಲ ಬಂದ ಚಿಹ್ನೆಯೇ ಭಾಷೆಯಲ್ಲಿ ಹೆಚ್ಚು ಬರುವ ಅಕ್ಷರ. ನಮಗೆ ತಿಳಿದಂತೆ ಆವೃತ್ತಿಯನ್ನು ಎಣಿಸಿ ಅಡಗಿದ್ದನ್ನು ಕಂಡುಹಿಡಿಯುವ ವಿಧಾನದ ಅತ್ಯಂತ ಹಳೆಯ ವಿವರಣೆ ಇದು. 13ನೆಯ ಶತಮಾನದ ಇಬ್ನ್ ಅದ್ಲಾನ್ ಅದಕ್ಕೊಂದು ಎಚ್ಚರಿಕೆ ಸೇರಿಸಿದರು. ಪತ್ರ ತೀರಾ ಚಿಕ್ಕದಾದರೆ ಈ ಉಪಾಯ ಕೈಕೊಡುತ್ತದೆ, ಪತ್ರ ಸಾಕಷ್ಟು ಉದ್ದವಿರಬೇಕು ಎಂದರು. ಇಂದು ನಾವು 'ಮಾದರಿಯ ಗಾತ್ರ' ಎಂದು ಪಾಠ ಮಾಡುವುದು ಇದನ್ನೇ.

ಮೈಸೂರಿನಲ್ಲಿ ಎಣಿಕೆ ಹಕ್ಕಿನ ಮಾತಾದದ್ದೂ ಇದೇ ಕಾಲದಲ್ಲಿ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಸಾಕಷ್ಟು ಪಾಲು ಸಿಗುತ್ತಿಲ್ಲವೆಂಬ ದೂರಿನ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಆ ವಾದದ ಬುಡದಲ್ಲಿದ್ದದ್ದು ಸರಳವಾದ ಅನುಪಾತ. ಜನಸಂಖ್ಯೆಯಲ್ಲಿ ಒಂದು ಸಮುದಾಯದ ಪಾಲೆಷ್ಟು, ಹುದ್ದೆಗಳಲ್ಲಿ ಎಷ್ಟು? ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟಾಗ ಬರೀ ಅಸಮಾಧಾನವಾಗಿದ್ದದ್ದು ಪುರಾವೆಯಾಯಿತು.

ಒಂದು ಅಗುಳು ಸಾಕು, ಆದರೆ...

ಎಲ್ಲರನ್ನೂ ಎಣಿಸುವುದು ಗಣತಿ. ಅದಕ್ಕೆ ಬಹಳ ಹಣ, ಬಹಳ ಕಾಲ ಬೇಕು. ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯ ಅನ್ನವನ್ನೆಲ್ಲ ಹಿಚುಕುವುದಿಲ್ಲ, ಒಂದು ಅಗುಳು ಸಾಕು. ಇಡೀ ಪಾತ್ರೆಗೆ ಶಾಸ್ತ್ರದಲ್ಲಿ 'ಸಮಷ್ಟಿ' ಎಂದು ಹೆಸರು, ಅಗುಳಿಗೆ 'ಮಾದರಿ' ಅಥವಾ 'ನಮೂನೆ'. ಆದರೆ ಮದುವೆಮನೆಯ ದೇಗ್ ಮುಂದೆ ನಿಂತ ಬಾವರ್ಚಿಯನ್ನು ಕೇಳಿ ನೋಡಿ. ಮೇಲಿನ ಅಗುಳು ಬೆಂದಿದ್ದರೂ ತಳದ್ದು ಸೀದಿರಬಹುದು. ಅವರು ಸೌಟನ್ನು ಬದಿಯಿಂದ ಇಳಿಸಿ ಕೆಳಗಿನದನ್ನೂ ತೆಗೆದು ನೋಡುತ್ತಾರೆ. ಮಾದರಿ ಆರಿಸುವಾಗ ಎಲ್ಲ ಕಡೆಯವರಿಗೂ ಆಯ್ಕೆಯಾಗುವ ಅವಕಾಶ ಇರಬೇಕು ಎಂಬ ನಿಯಮದ ತಿರುಳು ಇಷ್ಟೇ. ಕೈಗೆ ಸುಲಭವಾಗಿ ಸಿಕ್ಕವರನ್ನು ಮಾತ್ರ ಕೇಳಿದರೆ ಉತ್ತರ ಒಂದು ಕಡೆಗೆ ವಾಲುತ್ತದೆ.

ನಮ್ಮ ದೇಶದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಪ್ರಶಾಂತಚಂದ್ರ ಮಹಾಲನೋಬಿಸ್. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡಿದರು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಅವರ ಕನಸಿನ ಕೂಸು. ಅವರ ಹುಟ್ಟಿದ ದಿನವಾದ ಜೂನ್ 29ನ್ನು 2007ರಿಂದ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸಲಾಗುತ್ತಿದೆ.

ಹಡಗಲಿಯಲ್ಲಿ ಹುಟ್ಟಿದವರು

ಮಹಾಲನೋಬಿಸರ ಸಂಸ್ಥೆಗೆ ಕೆಲಸ ಹುಡುಕುತ್ತಾ ಬಂದ ತರುಣರಲ್ಲಿ ಒಬ್ಬರು ಸಿ.ಆರ್. ರಾವ್. ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಮಲ್ಲಿಗೆಗೆ ಹೆಸರಾದ ನಮ್ಮ ಹೂವಿನ ಹಡಗಲಿಯಲ್ಲಿ. ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. ಮನೆಮಾತು ತೆಲುಗು. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಕಲ್ಕತ್ತೆಗೆ ಹೋಗಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ಮಾಡಿದರು.

ಅವರು ಕಲ್ಕತ್ತೆಯಲ್ಲಿ ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಪ್ರಶ್ನೆ ಕೇಳಿದರು. ಆ ವಿದ್ಯಾರ್ಥಿ ಮುಂದೆ ಹೆಸರಾಂತ ಅರ್ಥಶಾಸ್ತ್ರಜ್ಞರಾದ ವಿ.ಎಂ. ದಾಂಡೇಕರ್. ದೊಡ್ಡ ಮಾದರಿಗಳಿಗೆ ಹೇಳಿದ ನಿಯಮವನ್ನು ಚಿಕ್ಕ ಮಾದರಿಗಳಿಗೂ ಸಾಧಿಸಬಹುದೇ ಎಂಬುದು ಪ್ರಶ್ನೆ. ರಾವ್ ಮನೆಗೆ ಹೋಗಿ ರಾತ್ರಿಯೆಲ್ಲ ಕುಳಿತು ಉತ್ತರ ಕಂಡುಕೊಂಡರು. 1945ರಲ್ಲಿ ಅದು ಪ್ರಬಂಧವಾಗಿ ಪ್ರಕಟವಾಯಿತು. ಆಗ ಅವರಿಗೆ ಇನ್ನೂ ಇಪ್ಪತ್ತೈದರ ಆಸುಪಾಸು.

ಅವರು ಸಾಧಿಸಿದ್ದನ್ನು ಸಾಮಾನ್ಯ ಮಾತಿನಲ್ಲಿ ಹೀಗೆ ಹೇಳಬಹುದು. ಮಾದರಿಯನ್ನು ನೋಡಿ ಸಮಷ್ಟಿಯ ಬಗ್ಗೆ ಅಂದಾಜು ಮಾಡುತ್ತೇವೆ. ಬೇರೆ ಮಾದರಿ ತೆಗೆದರೆ ಅಂದಾಜು ಸ್ವಲ್ಪ ಬೇರೆಯಾಗುತ್ತದೆ. ಎಷ್ಟೇ ಜಾಣ ವಿಧಾನ ಬಳಸಿದರೂ, ಒಂದು ಕಡೆಗೆ ವಾಲದ ಅಂದಾಜಿನ ಈ ಏರುಪೇರು ಒಂದು ಮಿತಿಗಿಂತ ಕೆಳಗೆ ಇಳಿಯಲಾರದು. ಮಾದರಿಯಲ್ಲಿ ಎಷ್ಟು ಮಾಹಿತಿ ಅಡಗಿದೆಯೋ ಅದೇ ಆ ಮಿತಿಯನ್ನು ನಿರ್ಧರಿಸುತ್ತದೆ. ಸ್ವೀಡನ್ನಿನ ಹೆರಾಲ್ಡ್ ಕ್ರಾಮೆರ್ ಕೂಡ ಬೇರೆಯಾಗಿ ಇದನ್ನೇ ಕಂಡುಕೊಂಡದ್ದರಿಂದ ಇದಕ್ಕೆ ಕ್ರಾಮೆರ್-ರಾವ್ ಮಿತಿ ಎಂದು ಹೆಸರಾಯಿತು. 'ಸುಮಾರು' ಎಂಬ ನಮ್ಮ ಪದಕ್ಕೆ ಗಣಿತದ ಗಡಿ ಹಾಕಿದವರು ಹಡಗಲಿಯಲ್ಲಿ ಹುಟ್ಟಿದವರು ಎನ್ನಬಹುದು.

2001ರಲ್ಲಿ ಅವರಿಗೆ ಪದ್ಮವಿಭೂಷಣ ಬಂದಿತು. 2023ರಲ್ಲಿ, ಅವರ 102ನೆಯ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಿಕ್ಕಿತು. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಕೈ ಎತ್ತಿದ್ದರಿಂದ ಹುಟ್ಟಿದ ಪ್ರಬಂಧ ಸುಮಾರು 78 ವರ್ಷದ ನಂತರವೂ ಗೌರವ ಪಡೆಯಿತು. ತರಗತಿಯಲ್ಲಿ ಪ್ರಶ್ನೆ ಕೇಳಲು ನಾಚುವ ನಮ್ಮ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

ಸರಾಸರಿಯ ಹಿಂದೆ ಅಡಗಿದ್ದು

ಈಗ ಅತ್ಯಂತ ಹೆಚ್ಚು ಬಳಕೆಯಾಗುವ, ಅತ್ಯಂತ ಹೆಚ್ಚು ಮೋಸ ಮಾಡುವ ಪದಕ್ಕೆ ಬರೋಣ. ಒಂದು ಬೀದಿಯಲ್ಲಿ ಐದು ಮನೆಗಳಿವೆ ಎಂದುಕೊಳ್ಳಿ. ತಿಂಗಳ ಆದಾಯ 14,000, 15,000, 15,000, 16,000 ಮತ್ತು 20,000 ರೂಪಾಯಿ. ಸರಾಸರಿ 16,000. ಆರನೆಯ ಮನೆಗೆ 2,20,000 ರೂಪಾಯಿ ಆದಾಯದವರು ಬಂದರು. ಈಗ ಬೀದಿಯ ಸರಾಸರಿ 50,000! ಮೊದಲ ಐದು ಮನೆಯವರಿಗೆ ಒಂದು ರೂಪಾಯಿಯೂ ಹೆಚ್ಚು ಬಂದಿಲ್ಲ. ಸಾಲಾಗಿ ಜೋಡಿಸಿ ನಡುವಿನ ಬೆಲೆ ತೆಗೆದುಕೊಂಡರೆ ಸಿಗುವ 'ಮಧ್ಯಾಂಕ' 15,500. ಹೆಚ್ಚು ಸಲ ಬಂದ 'ಬಹುಲಕ' 15,000. ಬೀದಿಯ ನಿಜಸ್ಥಿತಿಯನ್ನು ಹೇಳಿದ್ದು ಇವೆರಡೇ.

ಇನ್ನೊಂದು ಉದಾಹರಣೆ. ಒಬ್ಬ ವಿದ್ಯಾರ್ಥಿನಿಗೆ ಮೂರು ವಿಷಯಗಳಲ್ಲಿ 48, 50, 52 ಅಂಕಗಳು. ಇನ್ನೊಬ್ಬಳಿಗೆ 20, 50, 80. ಇಬ್ಬರ ಸರಾಸರಿಯೂ 50. ಆದರೆ ಮೊದಲನೆಯವಳು ಪಾಸು, ಎರಡನೆಯವಳು ಒಂದು ವಿಷಯದಲ್ಲಿ ನಪಾಸು. ಸರಾಸರಿಯಿಂದ ಬೆಲೆಗಳು ಎಷ್ಟು ದೂರ ಚೆದುರಿವೆ ಎಂಬುದನ್ನು ಅಳೆಯಲು 'ಮಾನಕ ವಿಚಲನೆ' ಬೇಕಾಗುವುದು ಇದಕ್ಕೇ.

ಇದೇ ಕಣ್ಣಿನಿಂದ ನಮ್ಮ ಸಮುದಾಯದ ಅಂಕಿಗಳನ್ನು ನೋಡೋಣ. 2001ರ ಜನಗಣತಿಯಂತೆ ದೇಶದ ಸಾಕ್ಷರತೆ ನೂರಕ್ಕೆ 64.8, ಮುಸ್ಲಿಮರದು 59.1. ಕರ್ನಾಟಕದಲ್ಲಿ ಮಾತ್ರ ಚಿತ್ರ ತಿರುವುಮುರುವು. ರಾಜ್ಯದ ಸಾಕ್ಷರತೆ 66.6, ಮುಸ್ಲಿಮರದು 70.1. ಇದನ್ನು ಕೇಳಿ ಬೀಗುವವರೂ ಇದ್ದರು, ಇನ್ನೇನು ನೆರವು ಬೇಕಿಲ್ಲ ಎನ್ನುವವರೂ ಇದ್ದರು. ಇಬ್ಬರೂ ಒಂದು ಸಂಗತಿ ಮರೆತರು. ಆಗ ರಾಜ್ಯದ ಜನರಲ್ಲಿ ನೂರಕ್ಕೆ 34 ಮಂದಿ ಮಾತ್ರ ಪಟ್ಟಣವಾಸಿಗಳು, ಮುಸ್ಲಿಮರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣಗಳಲ್ಲಿದ್ದರು. ಪಟ್ಟಣಗಳ ಸಾಕ್ಷರತೆ 80.6, ಹಳ್ಳಿಗಳದು 59.3. ಪಟ್ಟಣದಲ್ಲಿ ಹೆಚ್ಚಾಗಿರುವವರ ಒಟ್ಟು ಸರಾಸರಿ ತಾನಾಗಿಯೇ ಮೇಲೇರುತ್ತದೆ. ಆದ್ದರಿಂದ ಪಟ್ಟಣವನ್ನು ಪಟ್ಟಣದ ಜೊತೆ, ಹಳ್ಳಿಯನ್ನು ಹಳ್ಳಿಯ ಜೊತೆ ಹೋಲಿಸಬೇಕು. ಸಾಕ್ಷರತೆ ಎಂದರೆ ಓದು ಬರಹ ಬರುವುದು ಮಾತ್ರ, ಎಸ್.ಎಸ್.ಎಲ್.ಸಿ. ಮುಗಿಸುವುದು ಬೇರೆ, ಪದವಿ ಪಡೆಯುವುದು ಬೇರೆ.

2005ರಲ್ಲಿ ನೇಮಕವಾದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರ ನವೆಂಬರ್‌ನಲ್ಲಿ ಕೊಟ್ಟ ವರದಿ ಇಂಥ ಹೋಲಿಕೆಗಳನ್ನೇ ಮಾಡಿತು. 20 ವರ್ಷ ದಾಟಿದವರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ದೇಶದಲ್ಲಿ ನೂರಕ್ಕೆ ಸುಮಾರು 7, ಮುಸ್ಲಿಮರಲ್ಲಿ 4ಕ್ಕಿಂತ ಕಡಿಮೆ ಎಂದು ತೋರಿಸಿತು. ಮುಸ್ಲಿಂ ಮಕ್ಕಳೆಲ್ಲ ಮದರಸಾಗಳಿಗೇ ಹೋಗುತ್ತಾರೆಂಬ ಜನಜನಿತ ಮಾತನ್ನೂ ಅದು ಅಳೆದು ನೋಡಿತು. ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಪೂರ್ಣಾವಧಿ ಮದರಸಾಗಳಿಗೆ ಹೋಗುತ್ತಿದ್ದವರು ನೂರಕ್ಕೆ ಸುಮಾರು 3 ಮಾತ್ರ. ಎಷ್ಟು ಭಾಷಣ ಮಾಡಿದರೂ ಹೋಗದ ತಪ್ಪು ಅಭಿಪ್ರಾಯಕ್ಕೆ ಒಂದು ಅಂಕಿ ಉತ್ತರ ಕೊಟ್ಟಿತು. ಅದೇ ವರದಿಯ ಇನ್ನೊಂದು ಅಂಕಿ ನಮ್ಮನ್ನೇ ಪ್ರಶ್ನಿಸಿತು. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ನಾಲ್ಕರಲ್ಲಿ ಒಂದು ಮಗು ಶಾಲೆಯ ಮುಖವನ್ನೇ ನೋಡಿರಲಿಲ್ಲ, ಇಲ್ಲವೇ ನಡುವೆ ಬಿಟ್ಟಿತ್ತು. ಅಂಕಿ ಯಾರ ಪಕ್ಷವನ್ನೂ ವಹಿಸುವುದಿಲ್ಲ.

ನಮ್ಮ ಬಡಾವಣೆಗಳ ಪಕ್ಕದಲ್ಲೇ

ಈ ಶಾಸ್ತ್ರ ಕಲಿಯಲು ಕಲ್ಕತ್ತೆಗೇ ಹೋಗಬೇಕಿಲ್ಲ. ವಿಜಯನಗರದಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿಯ ಕಡೆ ಹೊರಟರೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರ ಸಿಗುತ್ತದೆ. ಪಿ.ಯು.ಸಿ. ಮುಗಿಸಿದವರಿಗೆ ಪ್ರವೇಶ ಪರೀಕ್ಷೆಯ ಮೂಲಕ ಅಲ್ಲಿ ಗಣಿತದ ಆನರ್ಸ್ ಪದವಿಗೆ ಅವಕಾಶವಿದೆ. ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗವಿದೆ. ನಾಗರಭಾವಿಯಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯಿದೆ. ಸ್ವಾತಂತ್ರ್ಯಕ್ಕೆ ಮೊದಲೇ ದೇಶದ ರಾಷ್ಟ್ರೀಯ ಆದಾಯವನ್ನು ಶಾಸ್ತ್ರೀಯವಾಗಿ ಲೆಕ್ಕ ಹಾಕಿದವರು ಅವರು. ಮೂರೂ ಸಂಸ್ಥೆಗಳು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ವಾಸಿಸುವ ನಮ್ಮ ಮಕ್ಕಳಿಗೆ ಒಂದು ಬಸ್ಸಿನ ದೂರ. ಪ್ರತಿದಿನ ಅವುಗಳ ಮುಂದೆ ಹಾದುಹೋಗುವವರಲ್ಲಿ ಒಳಗೆ ಕಾಲಿಟ್ಟವರೆಷ್ಟು?

2011ರ ನಂತರದ ಜನಗಣತಿ 2021ರಲ್ಲಿ ನಡೆಯಬೇಕಿತ್ತು. ಕೋವಿಡ್‌ನಿಂದ ಮುಂದೆ ಹೋಯಿತು. ಅದರ ಎಣಿಕೆಗೆ 2027ರ ಮಾರ್ಚ್ 1ರ ದಿನಾಂಕವನ್ನು 2025ರ ಜೂನ್‌ನಲ್ಲಿ ಸರ್ಕಾರ ಪ್ರಕಟಿಸಿತು. ಗಣತಿದಾರರು ಬಂದಾಗ ಬಾಗಿಲು ತೆರೆದು, ವಯಸ್ಸು, ಓದು, ಮಾತೃಭಾಷೆ, ಉದ್ಯೋಗಗಳನ್ನು ಸರಿಯಾಗಿ ಬರೆಸುವುದು ಮನೆಯ ಹಿರಿಯರ ಹೊಣೆ. "ಏನೋ ಒಂದು ಬರೆದುಕೊಳ್ಳಿ" ಎಂದರೆ ಮುಂದಿನ ಹತ್ತು ವರ್ಷ ನಮ್ಮ ಶಾಲೆ, ನಮ್ಮ ವಿದ್ಯಾರ್ಥಿವೇತನದ ಲೆಕ್ಕವೂ ಏನೋ ಒಂದೇ ಆಗುತ್ತದೆ.

ಅದಕ್ಕೂ ಮೊದಲು ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ನಿಮ್ಮ ಬೀದಿಯಲ್ಲಿ ಹತ್ತು ವರ್ಷದ ಹಿಂದೆ ಒಂದನೆಯ ತರಗತಿಗೆ ಸೇರಿದ ಮಕ್ಕಳೆಷ್ಟು? ಅವರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದವರೆಷ್ಟು? ಹುಡುಗರೆಷ್ಟು, ಹುಡುಗಿಯರೆಷ್ಟು? ಬಿಟ್ಟವರು ಯಾವ ತರಗತಿಯಲ್ಲಿ ಬಿಟ್ಟರು? ಒಂದು ನೋಟ್‌ಬುಕ್ಕು, ಒಂದು ಪೆನ್ನು, ಎರಡು ಭಾನುವಾರ ಸಾಕು. ಮನೆಮನೆಗೆ ಹೋಗಿ ಎಣಿಸಿದರೆ ಅದು ನಿಮ್ಮ ಮೊದಲ ಖಾನೇಸುಮಾರಿ. ಆ ತಖ್ತೆಯನ್ನು ಸಂಘದ ಸಭೆಯಲ್ಲಿ ಮುಂದಿಡಿ. ಯಾವ ಮನೆಗೆ ಮೊದಲು ಹೋಗಬೇಕು, ಯಾವ ಮಗುವನ್ನು ಮರಳಿ ಶಾಲೆಗೆ ಕರೆತರಬೇಕು ಎಂಬುದನ್ನು ಅದೇ ಹೇಳುತ್ತದೆ.